ಸೋರುವ ವಾಷಿಂಗ್ ಮೆಷಿನ್: ಮೊದಲು ವಿದ್ಯುತ್ತು, ಅನಂತರ ನೀರು

(ಮನೆಬಳಕೆಯ ಯಂತ್ರಗಳ ದುರಸ್ತಿ ಕುರಿತ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಗಣಿಗಾರಿಕೆಗಳ ವಿಚಾರ ಚರ್ಚೆಯಾಗುವ ವೇದಿಕೆಯಲ್ಲಿ ವಾಷಿಂಗ್ ಮೆಷಿನ್ನಿನ ಸೋರಿಕೆಗೇನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಆದರೆ ಮಲೆನಾಡಿನ ಒಂಟಿಮನೆಗಳಿಗೂ ಈ ಯಂತ್ರ ಬಂದು ಬಹಳ ಕಾಲವಾಯಿತು. ಅದು ಕುಳಿತಿರುವ ಜಾಗ ಬಚ್ಚಲ ಮೂಲೆ ಅಥವಾ ಹಿತ್ತಿಲ ಕಡೆಯ ಜಗಲಿ. ಒದ್ದೆ ನೆಲ, ಬರಿಗಾಲು, 230 ವೋಲ್ಟಿನ ವಿದ್ಯುತ್ತು ಈ ಮೂರೂ ಕೂಡುವ ಜಾಗವದು. ಯಂತ್ರ ಸೋರತೊಡಗಿದಾಗ ಮನೆಯವರಿಗೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ಪೇಟೆಯಿಂದ ಮೆಕ್ಯಾನಿಕ್ ಬರುವವರೆಗೆ ಅಡಿಯಲ್ಲಿ ಗೋಣಿಚೀಲ ಹಾಸಿ ಹೇಗೋ ನಡೆಸುವುದು ಒಂದು. ಹಳೆಯದಾಯಿತೆಂದು ಗುಜರಿಗೆ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಜೀವಕ್ಕೇ ಅಪಾಯವಿದೆ. ಎರಡನೆಯದರಲ್ಲಿ ಎಷ್ಟೋ ವೇಳೆ ಒಂದು ರಬ್ಬರ್ ಬಿಲ್ಲೆಯ ದೋಷಕ್ಕಾಗಿ ಇಡೀ ಯಂತ್ರವೇ ಕಸವಾಗುತ್ತದೆ.

ಮೂರನೆಯ ದಾರಿಯೂ ಇದೆ. ವಿದ್ಯುತ್ತನ್ನು ಪೂರ್ಣವಾಗಿ ಬೇರ್ಪಡಿಸಿ, ನೀರನ್ನು ನಿಲ್ಲಿಸಿ, ಸೋರಿಕೆ ಯಾವ ಹಂತದಲ್ಲಿ ಆಗುತ್ತದೆಂದು ಗಮನಿಸಿ ಕಾರಣವನ್ನು ಹುಡುಕುವುದು. ಮನೆಯವರ ಕೈಗೆ ಎಟುಕುವುದನ್ನು ಸರಿಪಡಿಸಿ, ಎಟುಕದಲ್ಲಿ ಕೈ ಹಿಂದೆಗೆಯುವುದು. ಇಂದಿನ ಮಾತು ಈ ದಾರಿಯನ್ನು ಕುರಿತದ್ದು.

ಮೊದಲ ಕೆಲಸ: ವಿದ್ಯುತ್ತನ್ನು ಬೇರ್ಪಡಿಸುವುದು

ನೆಲದಲ್ಲಿ ನೀರು ಕಂಡೊಡನೆ ಮನುಷ್ಯಸ್ವಭಾವ ಯಂತ್ರದತ್ತ ಧಾವಿಸುತ್ತದೆ. ಮೊದಲು ತಡೆಯಬೇಕಾದುದು ಆ ಧಾವಂತವನ್ನೇ. ಒದ್ದೆ ನೆಲವನ್ನು ತುಳಿಯದೆ, ಒಣಗಿದ ಕೈಯಿಂದ, ಮೇನ್ ಸ್ವಿಚ್ಚನ್ನೋ ಆ ಕೋಣೆಯ ಎಂ.ಸಿ.ಬಿ.ಯನ್ನೋ ಆರಿಸಬೇಕು. ಯಂತ್ರದ ಮೇಲಿನ ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು; ಒಳಗಿನ ತಂತಿಗಳಲ್ಲಿ ವಿದ್ಯುತ್ತು ಹಾಗೆಯೇ ಇರುತ್ತದೆ. ಗೋಡೆಯ ಸ್ವಿಚ್ಚನ್ನು ಮಾತ್ರ ಆರಿಸಿದರೂ ಸಾಲದು. ಆ ಸ್ವಿಚ್ಚು ಕಡಿಯುವುದು ಒಂದೇ ತಂತಿಯನ್ನು. ವೈರಿಂಗ್ ಮಾಡುವಾಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಸ್ವಿಚ್ಚು ಆರಿದ್ದಾಗಲೂ ಯಂತ್ರದೊಳಗೆ ಫೇಸ್ ತಂತಿ ಜೀವಂತವಾಗಿರುತ್ತದೆ. ಆದಕಾರಣ ಮೇನ್ ಆರಿಸಿದ ಮೇಲೆ ಪ್ಲಗ್ಗನ್ನೇ ಕಿತ್ತು, ಎಲ್ಲರ ಕಣ್ಣಿಗೂ ಕಾಣುವಂತೆ ಯಂತ್ರದ ಮೇಲೆ ಇಡತಕ್ಕದ್ದು. ಮೇನ್ ಸ್ವಿಚ್ಚಿಗೆ ಹೋಗುವ ದಾರಿಯಲ್ಲೇ ನೀರು ನಿಂತಿದ್ದರೆ ಒಳಗೆ ಕಾಲಿಡದೆ ಲೈನ್‌ಮನ್‌ಗೆ ಅಥವಾ ವಿದ್ಯುತ್ ದೂರು ಸಂಖ್ಯೆ 1912ಕ್ಕೆ ಕರೆಮಾಡುವುದು ಕ್ಷೇಮ.

ಮಲೆನಾಡಿನ ಮನೆಗಳಿಗೆ ಸಂಬಂಧಿಸಿದ ಎರಡು ವಿಶೇಷಗಳನ್ನು ಇಲ್ಲಿ ಹೇಳಬೇಕು. ಮಳೆಗಾಲದಲ್ಲಿ ದಿನವಿಡೀ ಕರೆಂಟು ಇರದಿರುವುದು ಇಲ್ಲಿ ಹೊಸತಲ್ಲ. ಕರೆಂಟು ಹೋದಾಗ ಪ್ಲಗ್ ಕೀಳದೆ ಯಂತ್ರ ಬಿಚ್ಚಲು ಕೂರುವವರಿದ್ದಾರೆ. ಲೈನಿನಲ್ಲಿ ವಿದ್ಯುತ್ತು ಯಾವ ಕ್ಷಣ ಮರಳುವುದೆಂದು ಯಾರೂ ಹೇಳಲಾರರು. ಎರಡನೆಯದು ಇನ್‌ವರ್ಟರ್. ಮೇನ್ ಸ್ವಿಚ್ಚು ಆರಿಸಿದರೂ ಬ್ಯಾಟರಿಯಿಂದ ಬರುವ 230 ವೋಲ್ಟು ಇನ್‌ವರ್ಟರಿನ ಗೆರೆಗಳಲ್ಲಿ ಉಳಿದೇ ಇರುತ್ತದೆ. ಬಚ್ಚಲಿನ ದೀಪ ಅಥವಾ ಪಕ್ಕದ ಸಾಕೆಟ್ಟು ಆ ಗೆರೆಯಲ್ಲಿದ್ದರೆ ಇನ್‌ವರ್ಟರನ್ನೂ ಆರಿಸಬೇಕು.

ವಿದ್ಯುತ್ತು ಪೂರ್ತಿ ಬೇರ್ಪಟ್ಟ ಮೇಲೆ ನೀರಿನ ನಲ್ಲಿಯನ್ನು ಮುಚ್ಚಬೇಕು. ಬಿಸಿನೀರಿನಲ್ಲಿ ಒಗೆಯುತ್ತಿದ್ದ ಯಂತ್ರವಾದರೆ ಒಳಗಿನ ನೀರು ಆರುವವರೆಗೆ ಕಾಯಬೇಕು. ಅನಂತರವೇ ನೆಲ ಒರೆಸುವ ಕೆಲಸ.

ದುರದೃಷ್ಟವಶಾತ್ ಯಾರಿಗಾದರೂ ವಿದ್ಯುದಾಘಾತವಾದರೆ ಅವರನ್ನು ಮುಟ್ಟಿ ಎಳೆಯಬಾರದು. ಮೇನ್ ಆರಿಸುವುದೇ ಮೊದಲ ಉಪಚಾರ. ಅದು ಸಾಧ್ಯವಾಗದಿದ್ದರೆ ಒಣ ನೆಲದ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ಅವರನ್ನು ತಂತಿಯಿಂದ ಬಿಡಿಸಬೇಕು. ಉಸಿರು ನಿಂತಿದ್ದರೆ ಎದೆಯೊತ್ತುವಿಕೆಯನ್ನು ಆರಂಭಿಸಿ 108ಕ್ಕೆ ಕರೆಮಾಡಬೇಕು. ಎದ್ದು ಕುಳಿತು ಚೆನ್ನಾಗಿದ್ದೇನೆ ಎಂದರೂ ವೈದ್ಯರಿಗೆ ತೋರಿಸುವುದು ಅಗತ್ಯ.

ಭೂಸಂಪರ್ಕ ಮತ್ತು ಆರ್.ಸಿ.ಸಿ.ಬಿ.

ಎಂ.ಸಿ.ಬಿ. ಇದೆ, ಆದ್ದರಿಂದ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರ್‌ವರೆಗೆ ಅದು ಸುಮ್ಮನಿರುತ್ತದೆ. ಮನುಷ್ಯನ ಹೃದಯದ ಲಯ ಕೆಡಿಸಲು ಅದರ ಐನೂರರಲ್ಲಿ ಒಂದು ಪಾಲಿನಷ್ಟು ಪ್ರವಾಹವೂ ಸಾಕಾಗಬಹುದು. ಮನುಷ್ಯನನ್ನು ಕಾಯಲೆಂದು ಇರುವ ಸಾಧನ ಆರ್.ಸಿ.ಸಿ.ಬಿ. ಫೇಸಿನಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲ್‌ನಲ್ಲಿ ಮರಳುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ನಡುವೆ ಎಲ್ಲಿಯಾದರೂ ನೀರಿನ ಮೂಲಕವೋ ದೇಹದ ಮೂಲಕವೋ ನೆಲಕ್ಕೆ ಸೋರಿದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಮನೆಗೆ ಬೇಕಾದುದು 30 ಮಿಲಿಆಂಪಿಯರ್ ಎಂದು ಬರೆದಿರುವ ಆರ್.ಸಿ.ಸಿ.ಬಿ. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದಾಗ ಆರ್.ಸಿ.ಸಿ.ಬಿ. ಕೆಳಗೆ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಇನ್ನು ಭೂಸಂಪರ್ಕ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಅಲಂಕಾರಕ್ಕಲ್ಲ. ಪ್ಲಗ್ ಹಾಕುವಾಗ ಭೂಸಂಪರ್ಕ ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂಬುದು ಅದರ ಉದ್ದೇಶ. ಆ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವುದು, ವಿಸ್ತರಣಾ ತಂತಿಯನ್ನು ಬಚ್ಚಲಿನವರೆಗೆ ಎಳೆಯುವುದು, ಎರಡೂ ಕೂಡದು. ಜಂಬಿಟ್ಟಿಗೆ ನೆಲದ ಊರುಗಳಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಪ್ರವಾಹವನ್ನು ನೆಲಕ್ಕೆ ಬಿಡದಂತಾಗುತ್ತದೆ. ಆ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯುವ ಹಿರಿಯರ ರೂಢಿ ಅರ್ಥವಿಲ್ಲದ್ದಲ್ಲ. ಹಿಂದೆ ಕಬ್ಬಿಣದ ನೀರಿನ ಪೈಪಿಗೆ ತಂತಿ ಸುತ್ತಿ ಅರ್ಥಿಂಗ್ ಎಂದು ಕರೆಯುವುದಿತ್ತು. ಇಂದು ಮಣ್ಣಿನೊಳಗೆ ಇರುವುದು ಪ್ಲಾಸ್ಟಿಕ್ ಪೈಪು. ಅದಕ್ಕೆ ಸುತ್ತಿದ ತಂತಿ ಯಾರನ್ನೂ ಕಾಯದು.

ಯಂತ್ರ ಮುಟ್ಟಿದಾಗ ಜುಮ್ಮೆಂದರೆ, ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಇಲ್ಲವೆ ನೀರು ಪ್ಲಗ್ಗನ್ನೋ ಮೋಟಾರನ್ನೋ ತಲುಪಿದ್ದರೆ, ಮನೆಯ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಮುಂದೆ ಹೇಳುವ ಕ್ರಮಗಳು ಈ ಲಕ್ಷಣಗಳಿಲ್ಲದ ಯಂತ್ರಕ್ಕೆ ಮಾತ್ರ ಅನ್ವಯಿಸುತ್ತವೆ.

ಸೋರಿಕೆಯ ಹೊತ್ತು

ಯಂತ್ರವನ್ನು ಬಿಚ್ಚುವ ಮೊದಲು ನೀರು ಯಂತ್ರದ್ದೇ ಹೌದೇ ಎಂದು ನೋಡಬೇಕು. ಬಚ್ಚಲ ತೂಬಿನಲ್ಲಿ ಸೋಪಿನ ಜಿಡ್ಡು, ಕೂದಲು, ಎಲೆ ಕಟ್ಟಿಕೊಂಡು ಹೊರಬಿಟ್ಟ ನೀರು ಹಿಂದಿರುಗುವುದುಂಟು. ಒಂದು ಬಕೆಟ್ ನೀರನ್ನು ತೂಬಿಗೆ ಸುರಿದರೆ ಇದು ತಿಳಿಯುತ್ತದೆ. ಆಷಾಢದ ತೇವದಲ್ಲಿ ತಣ್ಣನೆಯ ಒರತೆ ನೀರಿನ ಕೊಳವೆಯ ಹೊರಮೈ ಬೆವರಿ ತೊಟ್ಟಿಕ್ಕುವುದೂ ಉಂಟು. ಅದು ಸೋರಿಕೆಯಲ್ಲ.

ನೀರು ಯಂತ್ರದ್ದೇ ಎಂದು ಖಚಿತವಾದ ಮೇಲೆ ನೆಲವನ್ನು ಪೂರ್ತಿ ಒರೆಸಿ, ಯಂತ್ರದ ಸುತ್ತ ಹಳೆಯ ವೃತ್ತಪತ್ರಿಕೆ ಹಾಸಿ, ಬಟ್ಟೆ ಹಾಕದೆ ಒಂದು ಚಿಕ್ಕ ಒಗೆತ ನಡೆಸಬೇಕು. ಆರ್.ಸಿ.ಸಿ.ಬಿ. ಇರುವ ಮನೆಯಲ್ಲಿ ಮಾತ್ರ ಈ ಪರೀಕ್ಷೆ ತಕ್ಕದ್ದು. ನೋಡುವವರು ಚಪ್ಪಲಿ ಧರಿಸಿ ಒಣ ಜಾಗದಲ್ಲಿ ದೂರ ನಿಲ್ಲಬೇಕು, ಯಂತ್ರವನ್ನು ಮುಟ್ಟಬಾರದು. ಇನ್ನೊಬ್ಬರು ಮೇನ್ ಸ್ವಿಚ್ಚಿನ ಬಳಿ ಇರಬೇಕು. ಕಾಗದ ಮೊದಲು ಒದ್ದೆಯಾದ ಮೂಲೆ ಯಾವುದು, ಯಾವ ಹಂತದಲ್ಲಿ ಒದ್ದೆಯಾಯಿತು ಎಂಬೆರಡನ್ನು ಗುರುತಿಸಿಕೊಂಡೊಡನೆ ವಿದ್ಯುತ್ತು ಆರಿಸಿ ಪ್ಲಗ್ ಕೀಳಬೇಕು.

ಹಂತವನ್ನು ಅರಿತರೆ ಹುಡುಕಾಟ ಅರ್ಧ ಮುಗಿದಂತೆಯೇ. ನೀರು ತುಂಬುವಾಗ ಸೋರಿದರೆ ದೋಷ ಒಳಹರಿವಿನ ಕೊಳವೆಯಲ್ಲಿ, ಅದರ ಕವಾಟದಲ್ಲಿ ಅಥವಾ ಸೋಪಿನ ಪೆಟ್ಟಿಗೆಯಲ್ಲಿ. ಒಗೆಯುವಾಗ ಮುಂಬಾಗಿಲಿನಿಂದ ಸೋರಿದರೆ ಬಾಗಿಲ ರಬ್ಬರಿನಲ್ಲಿ, ಇಲ್ಲವೆ ಅತಿಯಾದ ನೊರೆಯಲ್ಲಿ. ನೀರು ಹೊರಬಿಡುವಾಗ ಸೋರಿದರೆ ಪಂಪು, ಅದರ ಜರಡಿ ಅಥವಾ ಹೊರಕೊಳವೆಯಲ್ಲಿ. ಹಿಂಡುವಾಗ ಮಾತ್ರ, ಅದೂ ಹಿಂಭಾಗದ ನಡುವಿನಿಂದ ಸೋರಿದರೆ ಬೇರಿಂಗಿನ ಸೀಲಿನಲ್ಲಿ. ಯಂತ್ರ ಸುಮ್ಮನಿದ್ದಾಗಲೂ ಡ್ರಮ್ಮಿನಲ್ಲಿ ನೀರು ತುಂಬುತ್ತಿದ್ದರೆ ಒಳಹರಿವಿನ ಕವಾಟ ಮುಚ್ಚುತ್ತಿಲ್ಲ ಎಂದರ್ಥ. ಸೋರಿದ ನೀರು ತಿಳಿಯಾಗಿದ್ದರೆ ಅದು ಯಂತ್ರಕ್ಕೆ ಬರುವ ನೀರು. ಸೋಪಿನ ಜಾರು ಇದ್ದರೆ ತೊಟ್ಟಿಯನ್ನು ಹೊಕ್ಕು ಬಂದ ನೀರು. ಈ ಜಾರನ್ನು ಬೆರಳಿನಿಂದ ನೋಡುವುದು ಪ್ಲಗ್ ಕಿತ್ತ ಮೇಲೆ.

ಗುಡ್ಡದ ನೀರಿನ ಒತ್ತಡ

ಪೇಟೆಯ ಮೆಕ್ಯಾನಿಕ್‌ಗೆ ಹೊಳೆಯದ ಒಂದು ಕಾರಣ ಮಲೆನಾಡಿನಲ್ಲಿದೆ. ಇಲ್ಲಿನ ಅನೇಕ ಮನೆಗಳಿಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ, ಪೈಪಿನ ಮೂಲಕ, ತನ್ನಷ್ಟಕ್ಕೆ ಇಳಿದು. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಉಂಟಾಗುತ್ತದೆ. ಅಬ್ಬಿ 100 ಮೀಟರ್ ಮೇಲಿದ್ದು ನಡುವೆ ತೊಟ್ಟಿಯಿಲ್ಲದಿದ್ದರೆ ರಾತ್ರಿ ನಲ್ಲಿಗಳೆಲ್ಲ ಮುಚ್ಚಿದಾಗ ಒತ್ತಡ 10 ಕೆ.ಜಿ.ಯ ಸಮೀಪಕ್ಕೆ ಬರುತ್ತದೆ. ಯಂತ್ರ ತಾಳುವ ಗರಿಷ್ಠ ಒತ್ತಡ ಎಷ್ಟೆಂದು ಅದರ ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಅದು ಮೆಗಾಪ್ಯಾಸ್ಕಲ್‌ನಲ್ಲಿದ್ದರೆ 1 ಮೆಗಾಪ್ಯಾಸ್ಕಲ್ ಎಂದರೆ ಸುಮಾರು 10 ಕೆ.ಜಿ. ಎಂದು ತಿಳಿಯಬೇಕು. ಮಿತಿ ಮೀರಿದ ಒತ್ತಡದಲ್ಲಿ ಕೊಳವೆಯ ತಿರುಪು ಎಷ್ಟು ಬಿಗಿದರೂ ಒಸರುತ್ತದೆ. ಒಮ್ಮೊಮ್ಮೆ ಕೊಳವೆಯೇ ಒಡೆಯುತ್ತದೆ. ಇದಕ್ಕೆ ಪರಿಹಾರ ಮನೆಯ ಮಾಡಿಗಿಂತ ತುಸು ಮೇಲೆ ಒಂದು ತೊಟ್ಟಿಯಿಟ್ಟು, ಅಬ್ಬಿಯ ನೀರು ಅದರಲ್ಲಿ ಬಿದ್ದು ಅಲ್ಲಿಂದ ಮನೆಗೆ ಇಳಿಯುವಂತೆ ಮಾಡುವುದು. ನೀರು ತೊಟ್ಟಿಯಲ್ಲಿ ಬಯಲಿಗೆ ಬಂದೊಡನೆ ಮೇಲಿನ ಗುಡ್ಡದ ಒತ್ತಡ ಅಲ್ಲಿಗೆ ಮುಗಿಯುತ್ತದೆ.

ಇದರ ವಿರುದ್ಧ ದೋಷವೂ ಇದೆ. ಒಳಹರಿವಿನ ಕವಾಟದೊಳಗಿನ ರಬ್ಬರ್ ಪೊರೆಯನ್ನು ಮುಚ್ಚಿ ಹಿಡಿಯುವುದು ನೀರಿನ ಒತ್ತಡವೇ. ತೊಟ್ಟಿ ನಲ್ಲಿಗಿಂತ ಒಂದೆರಡು ಮೀಟರ್ ಮಾತ್ರ ಮೇಲಿದ್ದರೆ ಕವಾಟ ಪೂರ್ತಿ ಕೂರದೆ ಹನಿಯುತ್ತಲೇ ಇರುತ್ತದೆ. ಅಬ್ಬಿಯ ನೀರಿನೊಡನೆ ಬರುವ ಮರಳು, ಕೊಳೆತ ಎಲೆಯ ಚೂರು ಪೊರೆಯಡಿ ಸಿಕ್ಕಿಕೊಂಡರೂ ಹೀಗೆಯೇ ಆಗುತ್ತದೆ. ಗಂಟೆಗೆ ಒಂದು ಲೀಟರ್ ಸೋರಿದರೂ ತಿಂಗಳಿಗೆ 720 ಲೀಟರ್. ಅಬ್ಬಿ ಬತ್ತುವ ಏಪ್ರಿಲ್, ಮೇ ತಿಂಗಳಲ್ಲಿ ಇದು ಸಣ್ಣ ಲೆಕ್ಕವಲ್ಲ. ಒಗೆತ ಮುಗಿದೊಡನೆ ನಲ್ಲಿಯನ್ನು ಮುಚ್ಚುವ ರೂಢಿ ಬೆಳೆದರೆ ಈ ಎರಡೂ ಬಗೆಯ ನಷ್ಟ ತಪ್ಪುತ್ತದೆ.

ಮನೆಯವರ ಕೈಗೆ ಎಟುಕುವ ದುರಸ್ತಿಗಳು

ಇವೆಲ್ಲವನ್ನೂ ಪ್ಲಗ್ ಕಿತ್ತು, ನಲ್ಲಿ ಮುಚ್ಚಿದ ಮೇಲೆಯೇ ಮಾಡಬೇಕೆಂಬುದನ್ನು ಪುನಃ ಹೇಳಬೇಕಾಗಿಲ್ಲ.

ಒಳಹರಿವಿನ ಕೊಳವೆ: ಎರಡೂ ತುದಿಗಳನ್ನು ಬಿಚ್ಚಿ ನೋಡಬೇಕು. ಒಳಗೆ ಚಪ್ಪಟೆ ರಬ್ಬರ್ ವಾಶರ್ ಇರುತ್ತದೆ. ಅದು ಗಡುಸಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಈ ಜೋಡಣೆಯಲ್ಲಿ ನೀರನ್ನು ತಡೆಯುವುದು ವಾಶರೇ ಹೊರತು ತಿರುಪಿನ ಹಲ್ಲಲ್ಲ. ಆದ್ದರಿಂದ ಹಲ್ಲಿಗೆ ಬಿಳಿಯ ಟೇಪು ಸುತ್ತುವುದರಿಂದ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ತಿರುಪನ್ನು ಕೈಯಿಂದ ಬಿಗಿದರೆ ಸಾಕು. ಇಕ್ಕಳದಿಂದ ಬಲವಾಗಿ ತಿರುಗಿಸಿದರೆ ಹಲ್ಲು ಕಿತ್ತುಹೋಗುತ್ತದೆ. ಯಂತ್ರದ ಕಡೆಯ ತುದಿಯಲ್ಲಿರುವ ಪುಟ್ಟ ಜರಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಮಳೆಗಾಲದಲ್ಲಿ ಮನೆ ಸೇರುವ ಇಲಿಗಳು ಕೊಳವೆಯನ್ನು ಕಡಿಯುವುದುಂಟು. ಕೊಳವೆಯ ಉದ್ದಕ್ಕೂ ಬೆರಳಾಡಿಸಿ ನೋಡಬೇಕು.

ಸೋಪಿನ ಪೆಟ್ಟಿಗೆ ಮತ್ತು ನೊರೆ: ಕೈಯಲ್ಲಿ ಒಗೆಯಲು ಮಾಡಿದ ಪುಡಿಯನ್ನು ಮುಂಬಾಗಿಲಿನ ಯಂತ್ರಕ್ಕೆ ಹಾಕಿದರೆ ನೊರೆ ಉಕ್ಕಿ ಪೆಟ್ಟಿಗೆಯಿಂದಲೂ ಬಾಗಿಲಿನಿಂದಲೂ ಹೊರಬರುತ್ತದೆ. ಅಬ್ಬಿಯ ನೀರು ಮೆದು ನೀರಾದ್ದರಿಂದ ಸೋಪು ಕಡಿಮೆಯೇ ಸಾಕು. ಅಳತೆ ತಗ್ಗಿಸಿ ನೋಡಿದರೆ ಸೋರಿಕೆ ನಿಲ್ಲುವುದಲ್ಲದೆ ಬಚ್ಚಲಿನಿಂದ ತೋಟಕ್ಕೆ, ಹಳ್ಳಕ್ಕೆ ಹರಿಯುವ ಸೋಪೂ ಕಡಿಮೆಯಾಗುತ್ತದೆ. ಪೆಟ್ಟಿಗೆಯನ್ನು ಹೊರತೆಗೆದು ಗಟ್ಟಿಗಟ್ಟಿದ ಪುಡಿಯನ್ನು ತೊಳೆಯಬೇಕು.

ಬಾಗಿಲ ರಬ್ಬರ್: ಮಡಿಕೆಯ ಒಳಗೆ, ವಿಶೇಷವಾಗಿ ಕೆಳಭಾಗದಲ್ಲಿ, ಕೂದಲು, ನಾಣ್ಯ, ಅಡಿಕೆ ಚೂರು ಕೂತಿರುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕು ಹಿಡಿದು ಸೀಳಿದೆಯೇ ಎಂದು ನೋಡಬೇಕು. ಕೆಳಗಿನ ಮಡಿಕೆಯಲ್ಲಿರುವ ಸಣ್ಣ ರಂಧ್ರಗಳು ನೀರು ಒಳಗಿಳಿಯಲು ತಯಾರಕರೇ ಬಿಟ್ಟವು, ಅವನ್ನು ಮುಚ್ಚಬಾರದು. ರಬ್ಬರ್ ಹರಿದಿದ್ದರೆ ಅಂಟು ಹಚ್ಚಿದರೆ ನಿಲ್ಲದು. ಹೊಸದನ್ನು ಕೂರಿಸಲು ಬಾಗಿಲಬೀಗದ ತಂತಿಗಳನ್ನು ಸರಿಸಬೇಕಾಗುವುದರಿಂದ ಅದನ್ನು ತಿಳಿದವರಿಗೆ ಬಿಡುವುದು ಲೇಸು.

ಪಂಪಿನ ಜರಡಿ: ಮುಂಬಾಗಿಲಿನ ಯಂತ್ರದ ಕೆಳಮೂಲೆಯ ಪುಟ್ಟ ಮುಚ್ಚಳದ ಹಿಂದೆ ಇದು ಇರುತ್ತದೆ. ಅಗಲವಾದ ತಟ್ಟೆಯಿಟ್ಟು, ನೀರು ತಣ್ಣಗಿದೆಯೆಂದು ಖಚಿತಪಡಿಸಿಕೊಂಡು, ನಿಧಾನವಾಗಿ ತಿರುಗಿಸಿ ಬಿಚ್ಚಬೇಕು. ತೊಳೆದು ಮರಳಿ ಕೂರಿಸುವಾಗ ಓರೆಯಾದರೆ ಸೋರಿಕೆ ಅಲ್ಲಿಂದಲೇ ಹೊಸದಾಗಿ ಆರಂಭವಾಗುತ್ತದೆ.

ಹೊರಕೊಳವೆ: ಇದರ ತುದಿ ಕೈಪಿಡಿಯಲ್ಲಿ ಹೇಳಿದ ಎತ್ತರದಲ್ಲಿರಬೇಕು. ನೀರು ಹೊರಬಿಡುವಾಗ ಒತ್ತಡಕ್ಕೆ ಕಳಚಿ ಬೀಳದಂತೆ ಕಟ್ಟಬೇಕು. ಮಡಿಕೆ ಬಿದ್ದಲ್ಲಿ ಸೀಳುವುದು ಹೆಚ್ಚು.

ಎರಡು ತೊಟ್ಟಿಯ ಯಂತ್ರ: ಒಗೆಯುವಾಗಲೇ ಹೊರಕೊಳವೆಯಿಂದ ನೀರು ಹರಿಯುತ್ತಿದ್ದರೆ ನೀರು ಬಿಡುವ ರಬ್ಬರ್ ಮುಚ್ಚಳದಡಿ ನೂಲೋ ಗುಂಡಿಯೋ ಸಿಕ್ಕಿರುವ ಸಂಭವ ಹೆಚ್ಚು. ಅನೇಕ ಮಾದರಿಗಳಲ್ಲಿ ತೊಟ್ಟಿಯ ಬದಿಯ ಜರಡಿಫಲಕವನ್ನು ತೆಗೆದರೆ ಅದು ಕೈಗೆ ಸಿಗುತ್ತದೆ.

ಕೈ ಹಿಂದೆಗೆಯಬೇಕಾದಲ್ಲಿ

ಯಂತ್ರದ ಹಿಂದಿನ ಅಥವಾ ಕೆಳಗಿನ ತಗಡನ್ನು ಬಿಚ್ಚಬೇಕಾದ ಕೆಲಸ ಮನೆಯವರದ್ದಲ್ಲ. ಅಲ್ಲಿ ಮೋಟಾರಿದೆ, ಬಿಸಿನೀರಿನ ಯಂತ್ರವಾದರೆ ಹೀಟರಿದೆ, ಅನೇಕ ಯಂತ್ರಗಳಲ್ಲಿ ಕೆಪಾಸಿಟರ್ ಎಂಬ ಡಬ್ಬಿಯಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಂಡುವಾಗ ಕಲ್ಲು ಉಜ್ಜಿದಂಥ ಸದ್ದು ಬಂದು, ಹಿಂದಿನಿಂದ ತುಕ್ಕಿನ ಬಣ್ಣದ ನೀರು ಇಳಿದರೆ ಬೇರಿಂಗಿನ ಸೀಲು ಹೋಗಿದೆಯೆಂದು ತಿಳಿದು ಯಂತ್ರವನ್ನು ನಿಲ್ಲಿಸಬೇಕು. ಆದರೆ ಬರುವ ಮೆಕ್ಯಾನಿಕ್‌ಗೆ, ಯಂತ್ರ ಸೋರುತ್ತದೆ ಎಂದಷ್ಟೇ ಹೇಳದೆ, ಹಿಂಡುವಾಗ ಹಿಂಭಾಗದ ನಡುವಿನಿಂದ ಸೋಪಿನ ನೀರು ಬರುತ್ತದೆ ಎಂದು ಹೇಳಬಲ್ಲ ಮನೆಗೆ ಬೇಡದ ಬಿಡಿಭಾಗಗಳ ಖರ್ಚು ಬೀಳುವುದಿಲ್ಲ. ಅವರೂ ಬೇಕಾದ ವಸ್ತುವನ್ನು ಜೊತೆಯಲ್ಲೇ ತರಬಲ್ಲರು. ಘಟ್ಟ ಹತ್ತಿ ಎರಡು ಸಲ ಬರುವ ಶ್ರಮ ತಪ್ಪುತ್ತದೆ.

ದುರಸ್ತಿಯೋ, ಗುಜರಿಯೋ

ಭಾರತದಲ್ಲಿ 2011ರ ಇ-ತ್ಯಾಜ್ಯ ನಿಯಮಗಳು ವಾಷಿಂಗ್ ಮೆಷಿನ್ನನ್ನು ಇ-ತ್ಯಾಜ್ಯದ ಪಟ್ಟಿಗೆ ಸೇರಿಸಿದವು. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಕೆಟ್ಟ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆಯನ್ನು ಇವು ತಯಾರಕರ ಮೇಲೆ ಹೊರಿಸುತ್ತವೆ. ಆದರೆ ನಿಯಮ ಕೈಗೆತ್ತಿಕೊಳ್ಳುವುದು ಯಂತ್ರ ಕಸವಾದ ಮೇಲೆ. ಅದು ಕಸವಾಗದಂತೆ ನೋಡುವುದು ಬಿಡಿಭಾಗ ಸಿಗುವುದನ್ನು ಅವಲಂಬಿಸಿದೆ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಬಾಗಿಲ ರಬ್ಬರ್, ಇತರ ಸೀಲುಗಳು, ಸೋಪಿನ ಪೆಟ್ಟಿಗೆಗಳು ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಬಳಕೆದಾರರಿಗೆ ದೊರೆಯಬೇಕು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಮಾಹಿತಿ ಒದಗಿಸುವ ತಾಣ ಬೇರೆ, ಬಿಡಿಭಾಗ ಕೊಡಲೇಬೇಕೆಂಬ ಕಟ್ಟಳೆ ಬೇರೆ ಎಂಬುದನ್ನು ಗ್ರಾಹಕರು ಗಮನಿಸಬೇಕು.

ಕೊಳ್ಳುವ ದಿನವೇ ಕೇಳಬೇಕಾದ ಪ್ರಶ್ನೆಯೊಂದಿದೆ. ಹಲವು ಮಾದರಿಗಳಲ್ಲಿ ಹೊರತೊಟ್ಟಿಯ ಎರಡು ಹೋಳುಗಳನ್ನು ಕಾಯಿಸಿ ಅಂಟಿಸಿರುತ್ತಾರೆ. ಕೆಲವದರಲ್ಲಿ ಬೋಲ್ಟಿನಿಂದ ಜೋಡಿಸಿರುತ್ತಾರೆ. ಬೋಲ್ಟಿನದಾದರೆ ಸೀಲು ಹೋದಾಗ ಸೀಲನ್ನು ಮಾತ್ರ ಬದಲಿಸಬಹುದು. ಅಂಟಿಸಿದ್ದಾದರೆ ಇಡೀ ತೊಟ್ಟಿಯನ್ನೇ ಬದಲಿಸಬೇಕಾದೀತು. ಆ ಬೆಲೆ ಕೇಳಿದವರು ಹೊಸ ಯಂತ್ರದ ಕಡೆಗೇ ಹೊರಳುತ್ತಾರೆ. ಬಣ್ಣ ಮತ್ತು ಗುಂಡಿಗಳ ಸಂಖ್ಯೆಯನ್ನು ವಿಚಾರಿಸುವವರು ಇದನ್ನೂ ವಿಚಾರಿಸಬೇಕು.

ಕೊನೆಯದಾಗಿ, ಮನೆಗೆ ಹೋದೊಡನೆ ಮಾಡಬಹುದಾದ ನಾಲ್ಕು ಕೆಲಸಗಳು. ಆರ್.ಸಿ.ಸಿ.ಬಿ. ಇದೆಯೇ ಎಂದು ನೋಡಿ, ಇದ್ದರೆ ಅದರ ಪರೀಕ್ಷೆಯ ಗುಂಡಿಯನ್ನು ಒತ್ತುವುದು. ಇಲ್ಲದಿದ್ದರೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿ, ಅದೇ ದಿನ ಭೂಸಂಪರ್ಕವನ್ನೂ ಅಳೆಸುವುದು. ಯಂತ್ರದ ನಲ್ಲಿ ತೆರೆದೇ ಇದೆಯೇ ಎಂದು ನೋಡಿ ಮುಚ್ಚುವುದು. ಒಂದೆರಡು ರಬ್ಬರ್ ವಾಶರ್‌ಗಳನ್ನು ತಂದಿಟ್ಟುಕೊಳ್ಳುವುದು. ಮೇನ್ ಸ್ವಿಚ್ಚು ಎಲ್ಲಿದೆ, ಅದನ್ನು ಆರಿಸುವುದು ಹೇಗೆ ಎಂದು ಮನೆಯ ಮಕ್ಕಳಿಗೂ ವೃದ್ಧರಿಗೂ ತೋರಿಸಿಕೊಡುವುದು. ಯಂತ್ರ ಸೋರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೋ ಹೇಳಬರುವುದಿಲ್ಲ.